ಗಾಜಿನ ಮೂಲೆಯ ಕೆಂಪು ಸುತ್ತು

ಮಾರ್ಚ್ 3, ಸಂಜೆ 6

ಇಂದು ಮೂರು ಮನೆ, ಒಂದು ಅಂಗಡಿ. ಒಟ್ಟು ಹತ್ತೊಂಬತ್ತು ಗಾಜು. ಬೆರಳ ತುದಿಗಳೆಲ್ಲ ಸೋಪು ನೀರಿನಲ್ಲಿ ನೆನೆದು ಸುಕ್ಕುಗಟ್ಟಿವೆ. ಬಲ ಭುಜ ನನ್ನದೇ ಅಲ್ಲ ಅನ್ನಿಸುತ್ತಿದೆ. ಆದರೂ ಏಣಿ ಹೊತ್ತು ಬರುವಾಗ ಸಿಳ್ಳೆ ಹಾಕುತ್ತಿದ್ದೆನಂತೆ. ಪಕ್ಕದ ಮನೆಯ ಅತ್ತೆ ಹೇಳಿದರು — "ಆಫೀಸಿಂದ ಬರೋವಾಗ ಒಂದಿನಾನೂ ಸಿಳ್ಳೆ ಕೇಳಿರ್ಲಿಲ್ಲಪ್ಪ."

ರಾಜೀನಾಮೆ ಕೊಟ್ಟು ಇಂದಿಗೆ ಹದಿನೈದು ದಿನ. ಅಪ್ಪ ನನ್ನ ಜೊತೆ ಮಾತು ಬಿಟ್ಟೂ ಹದಿನೈದು ದಿನ. ಊಟದ ಮೇಜಿನಲ್ಲಿ ಎದುರೇ ಕೂತಿರುತ್ತೇನೆ. ಅವರು ಹೇಳುವುದೆಲ್ಲ ಇವಳಿಗೆ.

"ಏಣೀನ ಹಾಲ್‌ನಲ್ಲಿ ಇಡಬಾರದು ಅಂತ ನಿನ್ನ ಗಂಡಂಗೆ ಹೇಳಮ್ಮ."

ಇವಳು ನನ್ನ ಕಡೆ ತಿರುಗಿ, "ಏಣಿ ಹಾಲ್‌ನಲ್ಲಿ ಇಡಬಾರದಂತೆ" ಅಂದಳು. ಮುಖದಲ್ಲಿ ನಗು ತಡೆದುಕೊಂಡು. ಏಣಿ ಈಗ ಹಿತ್ತಲಲ್ಲಿದೆ.

ಮಾರ್ಚ್ 5

ಅಪ್ಪನ ಸಿಟ್ಟು ಅರ್ಥವಾಗದ್ದೇನಲ್ಲ. ಅದೇ ಆಫೀಸಿನಲ್ಲಿ ಮೂವತ್ತೈದು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನನ್ನನ್ನು ಅಲ್ಲಿ ಸೇರಿಸಲು ಜೀವನದಲ್ಲಿ ಒಂದೇ ಒಂದು ಸಲ ಸಾಹೇಬರ ಮುಂದೆ ಕೈಕಟ್ಟಿ ನಿಂತಿದ್ದರು. ಆ ಕುರ್ಚಿಯನ್ನು ನಾನು ಬಕೆಟ್ಟಿಗಾಗಿ ಬಿಟ್ಟೆ.

ಯಾಕೆ ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಾದರೂ ನಿಜ ಬರೆದಿಡೋಣ. ನನ್ನ ಕೆಲಸ — ಇನ್ನೊಬ್ಬರು ತಪಾಸಣೆ ಮಾಡಿದ್ದನ್ನು ಮತ್ತೆ ತಪಾಸಣೆ ಮಾಡಿ ಮೂರನೆಯವರಿಗೆ ಕಳಿಸುವುದು. ಅವರು ಅದನ್ನು ವಾಪಸ್ ಕಳಿಸುವುದು. ಜನವರಿಯಲ್ಲಿ ಒಂದು ದಿನ ಎದುರು ಕಟ್ಟಡದ ಕಿಟಕಿಗಳನ್ನು ಒಬ್ಬ ತೊಳೆಯುತ್ತಿದ್ದ. ಫೈಲು ತೆರೆದಿಟ್ಟುಕೊಂಡು ನಲವತ್ತು ನಿಮಿಷ ಅವನನ್ನೇ ನೋಡಿದೆ. ಆ ಮನುಷ್ಯ ಒಂದು ಕೆಲಸ ಶುರು ಮಾಡಿದ, ಮುಗಿಸಿದ, ಇಳಿದು ಹೋದ. ನನ್ನ ಮೇಜಿನ ಮೇಲೆ ಹದಿನೇಳು ವರ್ಷದಲ್ಲಿ ಏನೂ ಮುಗಿದಿರಲಿಲ್ಲ. ಹೊಟ್ಟೆಕಿಚ್ಚಾಯಿತು... ಅಷ್ಟೇ.

ಮಾರ್ಚ್ 8, ಭಾನುವಾರ

ನಮ್ಮ ಮನೆಯ ಕಿಟಕಿಗಳನ್ನೆಲ್ಲ ತೊಳೆದೆ. ಅಪ್ಪನ ರೂಮಿನ ಹತ್ತಿರ ಬಕೆಟ್ ಇಡುತ್ತಿದ್ದಂತೆ ಒಳಗಿನಿಂದ ಪರದೆ ಸರ್ರನೆ ಮುಚ್ಚಿತು.

"ನನ್ನ ಕಿಟಕಿ ಮುಟ್ಟೋದು ಬೇಡ ಅಂತ ಹೇಳಮ್ಮ."

"ಮಾವ, ಕಿಟಕಿ ಹೊರಗೇ ನಿಂತಿದಾರೆ. ನೀವೇ ಹೇಳಿ."

ಒಳಗೆ ಪೇಪರ್ ಮಗುಚಿದ ಸದ್ದು. ಹಾಗಾಗಿ ಬೀದಿಗೆಲ್ಲ ಕಿಟಕಿ ತೊಳೆಯುವವನ ಮನೆಯಲ್ಲಿ, ಬೀದಿಗೆ ಕಾಣುವ ಒಂದು ಕಿಟಕಿ ಮಾತ್ರ ಧೂಳು ಹಿಡಿದು ನಿಂತಿದೆ. ಪಕ್ಕದ ಮನೆಯ ಅತ್ತೆಗೆ ಇನ್ನು ಒಂದು ವಾರ ಬೇರೆ ಮಾತು ಬೇಡ.

ಒಂದು ಸಲ "ಲೋ" ಅಂದರೆ ಸಾಕು ಅಪ್ಪ. ಬೈದರೂ ಸರಿ.

ಮಾರ್ಚ್ 12

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು, ಮೊದಲ ಮಹಡಿ. ಇವತ್ತಿನ ಮರ್ಯಾದೆ ಅಲ್ಲೇ ಹೋಯಿತು.

ಗಾಜಿನ ನಡುವೆ ಒಂದು ಕಲೆ. ಏಣಿ ಮೇಲೆ ನಿಂತು ಉಜ್ಜಿದೆ. ಹೋಗಲಿಲ್ಲ. ಸೋಪು ಹೆಚ್ಚು ಹಾಕಿ ಉಜ್ಜಿದೆ. ಉಗುರಿನಿಂದ ಕೆರೆದೆ. ಒಳಗೆ ಕುರ್ಚಿಯಲ್ಲಿ ಒಬ್ಬ ದಢೂತಿ ಮನುಷ್ಯ ಬಾಯಿ ಅಗಲಿಸಿಕೊಂಡು ಮಲಗಿದ್ದ. ಕಾಲು ಗಂಟೆ ನನ್ನ ಪಾಡು ನೋಡಿದ. ಕೊನೆಗೆ ತಡೆಯಲಾರದೆ, ಬಾಯಲ್ಲಿ ಅಷ್ಟು ಸಾಮಾನು ಇಟ್ಟುಕೊಂಡೇ, ಕೈ ಎತ್ತಿ ತನ್ನ ಕಡೆ ತೋರಿಸಿದ. ಕಲೆ ಒಳಗಡೆ ಇದೆ!

ಡಾಕ್ಟರಮ್ಮ ನಕ್ಕು ನಕ್ಕು ಅವನ ಹಲ್ಲು ಬಿಟ್ಟು ಈಚೆ ಬಂದರು. "ಈ ಕಸುಬಿಗೆ ಹೊಸಬರಾ?" ಅಂದರು. ಹೌದು ಅಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಇವಳಿಗೆ ಹೇಳಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಪೇಪರ್ ಹಿಂದಿನಿಂದ ಅಪ್ಪನ ಕಡೆಯೂ ಒಂದು ಸದ್ದು ಬಂತು. ಕೆಮ್ಮು ಇರಬೇಕು.

ಮಾರ್ಚ್ 28, ಬೆಳಿಗ್ಗೆ 10

ಬೇಕರಿಯ ಮುಂದಿನ ಕಲ್ಲು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೇಕರಿಯ ದೊಡ್ಡ ಗಾಜನ್ನು ನಿನ್ನೆ ತೊಳೆದಿದ್ದೆ. ಇಂದು ನೋಡಿದರೆ ಕೆಳಗಿನ ಎಡ ಮೂಲೆಯಲ್ಲಿ ಒಂದು ಕೆಂಪು ಸುತ್ತು. ಸುತ್ತಿನ ಒಳಗೆ ನಾನು ಒರೆಸದೆ ಬಿಟ್ಟ ಒಂದು ಸೋಪಿನ ಹನಿ, ಒಣಗಿ ಬೆಳ್ಳಗಾಗಿದೆ.

"ಯಾವನೋ ಪೋಕರಿ ಗೀಚಿದಾನೆ, ಒರಸ್ಬಿಡಿ" ಅಂದ ಬೇಕರಿಯವನು.

ಪೋಕರಿ ಅಲ್ಲ. ಆ ಸುತ್ತು ನನಗೆ ಗೊತ್ತು. ನೆತ್ತಿಯಲ್ಲಿ ಪೂರ್ತಿ ಕೂಡುವುದಿಲ್ಲ, ಒಂದು ಕಾಳಿನಷ್ಟು ಬಾಯಿ ಬಿಟ್ಟಿರುತ್ತದೆ. ಶಾಲೆಯಲ್ಲಿ ನನ್ನ ಲೆಕ್ಕದ ಪುಸ್ತಕಗಳ ತುಂಬ ಇತ್ತು. ಆಫೀಸಿನ ಹಳೆಯ ರಿಜಿಸ್ಟರುಗಳ ತುಂಬ ಈಗಲೂ ಇದೆ. ಅಪ್ಪನ ಹತ್ತಿರ ಮೇಣದ ಕೆಂಪು ಪೆನ್ಸಿಲ್ ಇದೆ, ತಗಡು, ಗಾಜು, ಯಾವುದರ ಮೇಲಾದರೂ ಮೂಡುವಂಥದ್ದು. ಸ್ಟೋರಿನ ಪೆಟ್ಟಿಗೆಗಳಿಗೆ ಗುರುತು ಹಾಕುತ್ತಿದ್ದುದು ಅದರಲ್ಲೇ. ತಪ್ಪು ಕಂಡರೆ ಬಯ್ಯುವವರಲ್ಲ. ಸುತ್ತು ಹಾಕಿ ಮುಂದೆ ಹೋಗುವವರು.

"ಬೆಳಿಗ್ಗೆ ಯಾರಾದ್ರೂ ವಯಸ್ಸಾದವರು ಬಂದಿದ್ರಾ?" ಕೇಳಿದೆ.

"ಓ, ಒಬ್ರು ಬರ್ತಾರೆ ದಿನಾ. ಬನ್ನು ತಗೋತಾರೆ. ಆಮೇಲೆ ಕೈ ಹಿಂದೆ ಕಟ್ಕೊಂಡು ಗಾಜಿಗೆ ಮೂಗು ತಾಗಿಸಿ ನೋಡ್ತಾ ನಿಲ್ತಾರೆ. ಪಾಪ, ಕೇಕ್ ಆಸೆ ಇರ್ಬೇಕು, ಶುಗರ್ ಏನೋ."

ಹನಿ ಒರೆಸಿದೆ. ಸುತ್ತನ್ನು ಒರೆಸಲು ಮನಸ್ಸು ಬರಲಿಲ್ಲ. ಆಮೇಲೆ ಅದನ್ನೂ ಒರೆಸಿದೆ, ಅದು ನನ್ನ ಕೆಲಸ ತಾನೇ.

ಏಪ್ರಿಲ್ 2

ಕ್ಲಿನಿಕ್ಕಿನಲ್ಲೂ ಎರಡು ಸುತ್ತು. ಡಾಕ್ಟರಮ್ಮ ಹೇಳಿದ್ದು — ಯಾರೋ ಹಿರಿಯರು ಹಲ್ಲುನೋವು ಅಂತ ಬಂದರು, ಚೀಟಿ ಮಾಡಿಸಿದರು, ಕಿಟಕಿ ಹತ್ತಿರವೇ ಕೂತರು, ಹೆಸರು ಕೂಗಿದಾಗ "ಈಗ ಕಡಿಮೆ ಆಯ್ತು" ಅಂತ ಎದ್ದು ಹೋದರು.

ಅಪ್ಪನ ಬಾಯಲ್ಲಿ ಇರುವುದು ಪೂರ್ತಿ ಕಟ್ಟಿಸಿದ ಹಲ್ಲು.

ಇವಳೂ ನಾನೂ ಮಾತಾಡಿಕೊಂಡೆವು, ಗೊತ್ತಿಲ್ಲದವರ ಹಾಗೆ ಇರೋಣ ಅಂತ. ಕೇಳಿದರೆ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಬೇಡ.

ಏಪ್ರಿಲ್ 17

ಮೂಲೆ, ಮೂಲೆ, ಮೂಲೆ. ನಡುವಿನ ಗಾಜನ್ನು ಯಾರು ಬೇಕಾದರೂ ತೊಳೆದಾರು. ವೈಪರ್ ಎಳೆದ ಮೇಲೆ ರಬ್ಬರಿನ ತುದಿ ಒರೆಸಿಕೊಳ್ಳಬೇಕು, ಅಂಚಿಗೆ ಒಣ ಬಟ್ಟೆ ಬೇರೆ, ಬಿಸಿಲು ಬೀಳುವ ಮುಂಚೆ ಮುಗಿಸಬೇಕು. ಇದೆಲ್ಲ ನನಗೆ ಕಲಿಸಿದ್ದು ಸುತ್ತುಗಳು.

ಎಂಟು ದಿನದಿಂದ ಎಲ್ಲೂ ಸುತ್ತಿಲ್ಲ. ಸರಿಯಿದ್ದರೆ ಅಪ್ಪ ಯಾವ ಗುರುತೂ ಹಾಕುವುದಿಲ್ಲ. "ಸರಿ ಇರೋದೇ ಕೆಲ್ಸ, ಅದಕ್ಕೇನು ಮೆಚ್ಚುಗೆ" ಅನ್ನುವವರು. ಗುರುತಿಲ್ಲದ ಗಾಜು ನೋಡಿ ಬೀದಿಯಲ್ಲಿ ಒಬ್ಬನೇ ಹಲ್ಲು ಕಿರಿದೆ.

ಏಪ್ರಿಲ್ 21, ಮಧ್ಯಾಹ್ನ

ಸಾಹೇಬರ ಫೋನು. "ನಿಮ್ಮ ತಂದೆ ಫೆಬ್ರವರಿಯಲ್ಲೇ ಬಂದು ಕೇಳ್ಕೊಂಡಿದ್ರು. ನಿಮ್ಮ ರಾಜೀನಾಮೆ ನಾನಿನ್ನೂ ಮೇಲೆ ಕಳಿಸಿಲ್ಲ. ಮೇ ಕೊನೆವರೆಗೂ ಕುರ್ಚಿ ಖಾಲಿ ಇರತ್ತೆ. ಯೋಚನೆ ಮಾಡಿ."

ಅಂದರೆ ಅಪ್ಪ ಎರಡನೇ ಸಲ ಕೈಕಟ್ಟಿ ನಿಂತಿದ್ದಾರೆ. ನನಗಾಗಿ. ನನಗೆ ಹೇಳದೆ.

ವಾಪಸ್ ಹೋದರೆ ಆ ದಿನವೇ ಮಾತಾಡುತ್ತಾರೆ. "ಬಂದ್ಯಾ? ಊಟ ಮಾಡು" ಅನ್ನುತ್ತಾರೆ. ಆ ಎರಡು ಮಾತಿಗೆ ಮತ್ತೆ ಹದಿನೇಳು ವರ್ಷ ಕೊಡಬೇಕು.

"ನಿಮಗೇನು ಬೇಕು?" ಅಂದಳು ಇವಳು.

ಎರಡೂ ಬೇಕು ಅಂದೆ.

"ಹಾಗಾದ್ರೆ ಬಕೆಟ್ ಎತ್ಕೊಂಡು ಹೊರಡಿ. ಇನ್ನೊಂದಕ್ಕೆ ಕಾಯೋಣ."

ಮೇ 9

ಅಪ್ಪನಿಗೆ ಮಂಡಿ ನೋವು. ಹತ್ತು ದಿನ ವಾಕಿಂಗ್ ಬೇಡ ಅಂದಿದ್ದಾರೆ ಡಾಕ್ಟರು. ಆ ಕೊಳಕು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಪೇಪರ್ ಓದುವುದಕ್ಕೆ ಹಗಲಲ್ಲೇ ದೀಪ.

ಬೇಕರಿಯ ಗಾಜಿನಲ್ಲಿ ಯಾವ ಗುರುತೂ ಇಲ್ಲ. ಆದರೆ ನೋಡುವವರೇ ಇರಲಿಲ್ಲವಲ್ಲ. ಚೆನ್ನಾಗಿ ತೊಳೆದೆ, ಆದರೂ ಉಪ್ಪಿಲ್ಲದ ಸಾರಿನ ಹಾಗಿತ್ತು ಈ ದಿನ. ಬೇಕರಿಯವನೂ ಕೇಳಿದ — "ಬನ್ನಿನ ತಾತ ಎಲ್ಲಿ?" ಬನ್ನು ತಂದು ಮೇಜಿನ ಮೇಲಿಟ್ಟೆ. ತಿಂದರು. ಯಾರು ತಂದದ್ದು ಅಂತ ಕೇಳಲಿಲ್ಲ.

ಮೇ 24, ಭಾನುವಾರ, ಬೆಳಿಗ್ಗೆ 11

ತಪ್ಪದೆ ಬರೆಯಬೇಕು, ಒಂದನ್ನೂ ಬಿಡದೆ.

ಏಳೂವರೆಗೆ ಇವಳು ಬಂದು ಎಬ್ಬಿಸಿದಳು. "ಎದ್ದು ಹೊರಗೆ ಬನ್ನಿ. ಮಾವನ ಕಿಟಕಿ ನೋಡಿ."

ಹೋದೆ. ಧೂಳು ಗಾಜಿನ ಹಿಂದೆ, ಒಳಗಡೆಯಿಂದ, ಒಂದು ಕೆಂಪು ಸುತ್ತು. ಹೆಚ್ಚುಕಡಿಮೆ ಗಾಜಿನಷ್ಟೇ ದೊಡ್ಡದು. ನೆತ್ತಿಯಲ್ಲಿ ಬಾಯಿ ಬಿಟ್ಟಿತ್ತು. ಪರದೆ ಪೂರ್ತಿ ಸರಿಸಿತ್ತು.

"ಇನ್ನೊಂದು ವಿಷಯ" ಅಂದಳು ಇವಳು. "ನಿನ್ನೆ ಆಫೀಸಿಂದ ಫೋನ್ ಬಂದಿತ್ತು. ಮಾವನೇ ಎತ್ತಿದ್ರು. 'ಆ ಕುರ್ಚಿಗೆ ಬೇರೆಯವ್ರನ್ನ ನೋಡ್ಕೊಳ್ಳಿ ಸಾರ್, ಅವನಿಗೆ ಪುರುಸೊತ್ತಿಲ್ಲ' ಅಂದ್ರು."

ಹಿತ್ತಲಿಗೆ ಹೋಗಿ ಬಕೆಟ್ ತುಂಬಿಸಿದೆ. ನೀರು ಕಾಲ ಮೇಲೆಲ್ಲ ಚೆಲ್ಲಿಕೊಂಡೆ. ತೊಳೆದೆ — ಮೂರು ತಿಂಗಳಲ್ಲಿ ಕಲಿತದ್ದೆಲ್ಲ ಆ ಒಂದು ಗಾಜಿಗೆ ಹಾಕಿದೆ. ಮೂಲೆಗಳಿಗೆ ಎರಡು ಸಲ ಒಣ ಬಟ್ಟೆ. ಅಪ್ಪ ಕುರ್ಚಿಯಿಂದ ಎದ್ದು, ಕೋಲೂರಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ನಿಂತರು.

ಒಂದು ಕಲೆ ಉಳಿಯಿತು. ಅವರ ಹಣೆಯ ಮಟ್ಟಕ್ಕೆ, ಎಣ್ಣೆ ಎಣ್ಣೆಯಾಗಿ. ಉಜ್ಜಿದೆ. ಹೋಗಲಿಲ್ಲ. ಸೋಪು ಹಾಕಿದೆ. ಉಗುರು ಹಾಕಿದೆ. ಇವತ್ತೇ ಹೀಗಾಗಬೇಕಾ ಅಂತ ಬೆವರು ಕಿತ್ತುಕೊಂಡು ಬಂತು. ಅಪ್ಪನ ತುಟಿ ಅಲ್ಲಾಡುತ್ತಿತ್ತು, ಏನೂ ಕೇಳಿಸಲಿಲ್ಲ. ಕೊನೆಗೆ ಬೆರಳಿನಿಂದ ಗಾಜು ಕುಟ್ಟಿದರು. ಕಿಟಕಿ ಸರಿಸಿದರು.

"ಲೋ. ಒಳಗಡೆ ಇದೆ ಕಣೋ ಅದು. ಆ ಹಲ್ಲಿನ ಕ್ಲಿನಿಕ್ಕಲ್ಲೂ ಹೀಗೇ ಮಾಡ್ದೆ. ಇಷ್ಟೂ ಗೊತ್ತಾಗಲ್ವಾ ನಿಂಗೆ?"

ಗೊತ್ತಾಗಲಿಲ್ಲ ಅಪ್ಪ, ಅಂದೆ.

"ನನ್ನ ಹಣೆ ಗುರುತು ಅದು. ನೀನು ಏಣಿ ಹೊತ್ಕೊಂಡು ಹೋಗೋದು ಕಾಣ್ತಿರ್ಲಿಲ್ಲ. ಒತ್ತಿ ನೋಡ್ಬೇಕಾಗಿತ್ತು. ಬಟ್ಟೆ ಕೊಡು ಇಲ್ಲಿ."

ಕೊಟ್ಟೆ. ಒಳಗಡೆಯದನ್ನು ಅವರೇ ಒರೆಸಿದರು, ಹಣೆಯ ಗುರುತು, ಕೆಂಪು ಸುತ್ತು, ಎಲ್ಲ. ಹೊರಗಡೆ ನಾನು ಸುಮ್ಮನೆ, ಒರೆಸುವುದೇನೂ ಉಳಿಯದಿದ್ದರೂ, ಅವರ ಕೈ ಹೋದ ಕಡೆ ಕೈ ಆಡಿಸುತ್ತಿದ್ದೆ. ಇವಳು ಟೀ ತಂದು ಬಾಗಿಲಲ್ಲೇ ನಿಂತಳು. ಇನ್ನು ಮಧ್ಯಸ್ಥಿಕೆ ಕೆಲಸ ತಪ್ಪಿತು ಅಂತ ಖುಷಿಯಂತೆ ಅವಳಿಗೆ.

ಟೀ ಕುಡಿದು ಬರೆಯಲು ಕೂತೆ. ಅಪ್ಪ ಕಿಟಕಿಯ ಹತ್ತಿರ ಇನ್ನೂ ಏನನ್ನೋ ನೋಡುತ್ತಿದ್ದಾರೆ. ಮೇಜಿನ ಡ್ರಾಯರ್ ಎಳೆದ ಸದ್ದು. ಪೆನ್ಸಿಲ್ ಹುಡುಕುತ್ತಿರಬೇಕು. ಕರೆಯುತ್ತಿದ್ದಾರೆ. "ಲೋ, ಮೇಲಿನ ಬಲ ಮೂಲೆ..." ಇವಳನ್ನಲ್ಲ, ನನ್ನನ್ನೇ. ಬಂದೆ ಅಂತ ಕೂಗಿದೆ. ಉಳಿದದ್ದು ಆಮೇ—