ಅಮ್ಮ ಬಂದ ಮನೆಗೆ ಎಣ್ಣೆ

ವಾಮದಪದವು

ಮಾಮಿ,

ಈ ಕಾಲದಲ್ಲಿ ಅತ್ತೆಗೆ ಪತ್ರ ಬರೆಯುವ ಸೊಸೆ ಎಲ್ಲಿದ್ದಾಳೆ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಬೆಳುವಾಯಿಯ ಮಗಳ ಮನೆಯಲ್ಲಿ ನಿಮಗೆ ಪುರುಸೊತ್ತೇ ಇಲ್ಲವಂತೆ. ನಾವು ಜಗಳವಾಡಿದ್ದೆಲ್ಲ ತುಳುವಿನಲ್ಲಿ, ತಪ್ಪೊಪ್ಪಿಗೆ ಕನ್ನಡದಲ್ಲಿರಲಿ. ನಿಮ್ಮ ಬಲಗಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಮಗಳು ಸಾತ್ವಿಕಾಳ ಕಿವಿಯ ಹಿಂದೆ ಕೆಂಪು ದದ್ದು ಕಂಡಾಗ ನಾನು ದಡಾರ ಎಂದೆ. ಹಾಗೆ ಹೇಳಬಾರದು, ಅಮ್ಮ ಬಂದಿದ್ದಾಳೆ ಎನ್ನಬೇಕು ಎಂದು ಗದರಿದಿರಿ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಿರಿ, ಒಗ್ಗರಣೆ ನಿಲ್ಲಿಸಿದಿರಿ, ಎಣ್ಣೆಯ ಬಾಟ್ಲಿಯನ್ನು ಅಟ್ಟಕ್ಕೆ ಏರಿಸಿದಿರಿ. ಕತಾರಿನಿಂದ ನಿಮ್ಮ ಮಗ, "ಅಮ್ಮ ಹೇಳಿದ ಹಾಗೆ ಮಾಡು" ಎಂದರು. ಯಾವ ಅಮ್ಮ ಎಂದು ನಾನು ಕೇಳಲಿಲ್ಲ. ಹಿಂದೊಮ್ಮೆ ಜ್ವರ ಇದೆಯೆಂದು ಅವಳ ದಡಾರದ ಎರಡನೇ ಚುಚ್ಚುಮದ್ದನ್ನು ತಪ್ಪಿಸಿದವಳು ನಾನೇ. ಬಾಯಿ ಎಲ್ಲಿತ್ತು ನನಗೆ?

ಮೂರನೇ ದಿನ ಮಗು ಬೆಳಕಿಗೆ ಕಣ್ಣು ಬಿಡಲಿಲ್ಲ. ಎಡಗಣ್ಣಲ್ಲಿ ಕೀವು. ನೀವು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಹಳದಿ ಮದ್ದನ್ನು ಚಮಚದಲ್ಲಿ ಕುಡಿಸಿ, "ವಿಟಮಿನ್ ಎ. ಇವತ್ತೊಂದು, ನಾಳೆ ಒಂದು. ನಾಳೆಯದು ತಪ್ಪಿದರೆ ಈ ಕಣ್ಣಿಗೆ ನಾನು ಏನೂ ಹೇಳಲಾರೆ" ಎಂದರು. ನಿಮಗೆ ಜ್ವರದ ಮದ್ದು ಎಂದಷ್ಟೇ ಹೇಳಿದೆ. ಸುಳ್ಳು, ಮಾಮಿ.

ಮರುದಿನ ಆ ಎರಡನೇ ಮದ್ದು ಹಿಡಿದು ಬಂದ ಆಶಾ ಕಾರ್ಯಕರ್ತೆ ದಮಯಂತಿ ಅಂಗಳದಿಂದಲೇ ಕೂಗಿದಳು: "ಜ್ಯೋತ್ಸ್ನಕ್ಕ, ಎಣ್ಣೆಮದ್ದು ತಂದಿದ್ದೇನೆ!" ಅಂಗನವಾಡಿಯಲ್ಲಿ ಅದನ್ನು ಕರೆಯುವುದೇ ಹಾಗೆ, ಪಾಪ. ಆ ಒಂದು ಮಾತು ಸಾಕಾಯಿತು. ನೀವು ಹೊಸ್ತಿಲಿಗೆ ಅಡ್ಡ ನಿಂತಿರಿ. "ಅಮ್ಮ ಇರುವ ಮನೆಗೆ ಎಣ್ಣೆ ತರುವುದುಂಟಾ ಮಾರಾಯ್ತಿ? ಮಗುವನ್ನು ಕೊಲ್ಲಬೇಕಾ ನಿಮಗೆ?"

ಒಳಗೆ ಮಗು ಅಳುತ್ತಿತ್ತು. ದಮಯಂತಿ ವಾಪಸು ಹೋಗಲು ತಿರುಗಿದಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಆಗ ಅಂದುಬಿಟ್ಟೆ: "ನಿಮ್ಮ ಎಡಗಣ್ಣು ಕೊಂಡುಹೋದದ್ದೂ ಆ ಅಮ್ಮನೇ ಅಲ್ವಾ?"

ಏಳು ವರ್ಷದ ಹುಡುಗಿಯಾಗಿದ್ದಾಗ ಇದೇ ದಡಾರದಲ್ಲಿ ಹೋದ ಕಣ್ಣು. ಈ ಮನೆಯಲ್ಲಿ ಯಾರೂ ಅದರ ಮಾತೆತ್ತಿದವರಲ್ಲ.

ನೀವು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿ, ಗಲ್ಲ ಹಿಡಿದು ಬಾಯಿ ತೆರೆಸಿದಿರಿ. "ಹಾಕು" ಎಂದಿರಿ. ದಮಯಂತಿಯ ಚಮಚ ಖಾಲಿಯಾಯಿತು. ಅವಳ ತುಟಿಯ ಜಿಡ್ಡನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದಿರಿ: "ಇದು ಆಗ ಇದ್ದಿದ್ದರೆ ನನ್ನ ಕಣ್ಣು ಉಳಿಯುತ್ತಿತ್ತಾ?"

ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋದೆ. ದದ್ದು ಇಳಿದು ಮಗುವಿನ ತಲೆಗೆ ನೀರು ಹಾಕಿದ ಮರುದಿನವೇ ನೀವು ಚೀಲ ಹಿಡಿದು ಬಸ್ಸು ಹತ್ತಿದಿರಿ.

ಇವತ್ತು ಉತ್ತರ ಹೇಳುತ್ತೇನೆ. ನಿಮ್ಮ ಕಣ್ಣಿನ ಬಗ್ಗೆ ಖಂಡಿತ ಹೇಳಲಿಕ್ಕಾಗದು ಎಂದರು ಡಾಕ್ಟರು. ಆದರೆ ಹೊತ್ತಿಗೆ ಸಿಕ್ಕಿದ್ದರೆ ಉಳಿಯುವ ಸಾಧ್ಯತೆ ಇತ್ತಂತೆ. ಕೊಡದೆ ಹೋದದ್ದು ನಿಮ್ಮ ತಾಯಿಯ ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ನಿಮಗೆ ಕೂತು ಹೇಳುವ ಬದಲು ನಿಮ್ಮ ಮುಖಕ್ಕೆ ಎಸೆದೆ. ಕ್ಷಮಿಸಿ ಮಾಮಿ.

ನಿನ್ನೆ ಡಾಕ್ಟರು ಸಾತ್ವಿಕಾಳ ಬಲಗಣ್ಣು ಮುಚ್ಚಿ, ಎಡಗಣ್ಣಿಂದ ಏನೇನು ಕಾಣ್ತದೆ ಎಂದು ಕೇಳಿದರು. "ಫ್ಯಾನು. ಕ್ಯಾಲೆಂಡರಿನ ನವಿಲು. ಅಮ್ಮ" ಎಂದಳು. ಆಮೇಲೆ ಕುತ್ತಿಗೆ ತಿರುಗಿಸಿ ಇಡೀ ಕೋಣೆ ಹುಡುಕಿ, "ಅಜ್ಜಿ ಕಾಣುವುದಿಲ್ಲ" ಎಂದು ಅತ್ತಳು.

ಕಣ್ಣಿಗೆ ತಾಗಿದ ಮಕ್ಕಳಿಗೆ ಮೂರನೆಯ ಸಲವೂ ಆ ಎಣ್ಣೆಮದ್ದು ಕೊಡಬೇಕಂತೆ, ಬರುವ ಶುಕ್ರವಾರ. ನೀವು ಗಲ್ಲ ಹಿಡಿಯದೆ ಅವಳು ಬಾಯಿ ತೆರೆಯುವವಳಲ್ಲ. ಅಟ್ಟದ ಎಣ್ಣೆ ಬಾಟ್ಲಿ ಇನ್ನೂ ಅಲ್ಲೇ ಉಂಟು. ನೀವು ಬಂದು ಇಳಿಸುವವರೆಗೆ ಈ ಮನೆಯಲ್ಲಿ ಒಗ್ಗರಣೆ ಇಲ್ಲ.

ನಿಮ್ಮ ಕಾಲು ಮುಟ್ಟಿ,
ನಿಮ್ಮ ಸೊಸೆ ಜ್ಯೋತ್ಸ್ನಾ

ಆಶೀರ್ವಾದವನ್ನು ಪತ್ರದಲ್ಲಿ ಕಳಿಸಬೇಡಿ. ಮೊದಲ ಬಸ್ಸಿಗೆ ತನ್ನಿ.