ಮೂರನೇ ರಿಯಾಕ್ಟರಿನ ಗಾಜು

ಜುಲೈ 2, ಬೆಳಿಗ್ಗೆ

ಮತ್ತೆ ಇಂಜಿನಿಯರಿನ ರೌಂಡು. ಪಂಪುಗಳು ಸರಿ. ಒಂದು ವಾಲ್ವ್ ಸೋರುತ್ತಿತ್ತು, ಪ್ಯಾಕಿಂಗ್ ಬದಲಾಯಿಸಿದೆವು. ವಾಪಸ್ ಬರುವಷ್ಟರಲ್ಲಿ ಚಹಾ ಆರಿತ್ತು. ಲ್ಯಾಬಿನ ನಿಶಾ ಒಂದು ಬಾಟಲಿ ಹಿಡಿದು ಬಂದಳು. ಮೂರನೇ ರಿಯಾಕ್ಟರಿನ ಮಾಲು. ನೀರಿನಂತಿರಬೇಕಾದದ್ದು ತೆಳು ಹಳದಿ.

"ಮ್ಯಾಮ್, ಐರನ್ ಬಢ್ ಗಯಾ ಹೈ."

ಕಬ್ಬಿಣ ಹೆಚ್ಚಾಗಿದೆಯಂತೆ, ಎಲ್ಲಿಂದ ಬಂತು? ರಿಯಾಕ್ಟರು ಉಕ್ಕಿನದೇ, ಆದರೆ ಒಳಗೆಲ್ಲ ಗಾಜಿನ ಲೇಪ. ಆಸಿಡ್ಡು ಉಕ್ಕನ್ನು ಮುಟ್ಟಲೇಬಾರದು. ಮುಟ್ಟಿದೆ ಅಂದರೆ...

ಜುಲೈ 3

ಮನೀಶ್ ಸರ್‌ಗೆ ಹೇಳಿದೆ. ಪ್ಲಾಂಟ್ ಮ್ಯಾನೇಜರ್ ಅವರು. ಅವರು ಹೂಂ ಅನ್ನದೆ ಮೆಂಟೆನನ್ಸಿನವರು ಒಂದು ಬೋಲ್ಟ್ ಕೂಡ ಬಿಚ್ಚುವಂತಿಲ್ಲ.

"ಅರೇ ರಂಜನಾ, ರಾ ಮೆಟೀರಿಯಲ್ ಕಾ ಹೋಗಾ. ಆರ್ಡರ್ ನಿಕಲ್‌ನೇ ದೋ, ಫಿರ್ ದೇಖೇಂಗೆ."

ಆರ್ಡರ್ ಹೋಗಲಿ, ಆಮೇಲೆ ನೋಡೋಣವಂತೆ. ಮೇಲ್ ಕಳಿಸಿದೆ. ಉತ್ತರವಿಲ್ಲ.

ಜುಲೈ 5, ಮಧ್ಯಾಹ್ನ

ಎರಡು ಬ್ಯಾಚುಗಳ ನಡುವೆ ರಿಯಾಕ್ಟರು ಖಾಲಿ ಸಿಕ್ಕಿತು. ಸರ್ ಅವರನ್ನು ಕೇಳದೆಯೇ ಮುಚ್ಚಳ ತೆಗೆಸಿ ಅದರ ಬಾಯಿಂದ ಇಣುಕಿದೆ. ಟಾರ್ಚ್ ಹಿಡಿದವರು ಅಫ್ತಾಬಭಾಯ್. ವಿಜಯಪುರದ ಕಡೆಯವರು, ಹಳೆಯ ಆಪರೇಟರು. ನೀಲಿ ಗಾಜು ಉದ್ದಕ್ಕೂ ಹೊಳೆಯುತ್ತಿತ್ತು. ತಳದ ಹತ್ತಿರ ಒಂದು ಚಕ್ಕೆ ಎದ್ದಿದೆ. ಹೆಬ್ಬೆರಳಿನ ಉಗುರಿನಷ್ಟು. ಸುತ್ತ ಕಂದು ಬಳೆ.

"ಎಷ್ಟ ಆಳಕ್ಕ ತಿಂದಿರಬೇಕ್ರಿ ಮೇಡಂ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಅದೇ ಭಯ. ಆ ಉಕ್ಕಿನ ಆಚೆ ಜಾಕೆಟ್ಟು ಅನ್ನುವ ಹೊರಕವಚ, ಅದರ ತುಂಬ ತಂಪು ಮಾಡುವ ನೀರು. ಒಳಗೆ ನಾವು ಹಾಕುವ ಕ್ಲೋರೈಡಿಗೆ ನೀರು ತಗುಲಿದರೆ ಒಮ್ಮೆಲೇ ಬಿಳಿ ಹೊಗೆ, ಉಸಿರು ಸುಡುವಂಥದು. ಕಂಪೌಂಡ್ ಗೋಡೆಯ ಆಚೆಗೇ ನಮ್ಮ ಚಾಳಿನ ಸಾಲುಮನೆಗಳು. ಅವ್ವ ಈ ಹೊತ್ತಿಗೆ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಾಳೆ.

ಫೋಟೋ ತೋರಿಸಿದೆ. ಸರ್ ಗಟ್ಟಿಯಾಗಿ ಅಂಟುವ ಪುಟ್ಟಿ ತರಿಸಿ ಚಕ್ಕೆ ಎದ್ದಲ್ಲಿ ಮೆತ್ತಿಸಿದರು. "ಚಲೇಗಾ." ನಡೆಯುತ್ತದಂತೆ.

ಜುಲೈ 9

ಕಬ್ಬಿಣ ಇಳಿದಿದೆ. ನಿಶಾ ನಕ್ಕಳು. ನಾನೂ ನಕ್ಕೆ. ಭಯ ಇಳಿದಿಲ್ಲ. ಊಟ ಸೇರುತ್ತಿಲ್ಲ. ಅವ್ವ ಕೇಳಿದಳು, "ಯಾರರ ಏನರ ಅಂದಾರೇನು ರಂಜೂ?" ಏನಿಲ್ಲ ಅಂದು ಇನ್ನೊಂದು ತುತ್ತು ನುಂಗಿದೆ.

ಜುಲೈ 12, ಸಂಜೆ

ಅಕ್ಷರ ನನ್ನದೇ ಅನಿಸುತ್ತಿಲ್ಲ.

ಊಟದ ನಂತರ, ಯಾಕೋ ಮನಸ್ಸು ತಡೆಯದೆ, ಜಾಕೆಟ್ಟಿನ ನೀರು ಸ್ವಲ್ಪ ಹಿಡಿದು ಪಿಎಚ್ ಪೇಪರ್ ಅದ್ದಿದೆ. ಕೆಂಪು. ಆಸಿಡ್ಡು ಹೊರಗೆ ಬಂದಿದೆ. ತೂತು ಬಿದ್ದಿದೆ.

ಒಳಗೆ ಬ್ಯಾಚ್ ನಡೆಯುತ್ತಿತ್ತು. ಕ್ಲೋರೈಡು ಹನಿಹನಿಯಾಗಿ ಬೀಳುತ್ತಿತ್ತು. ಬಿಸಿ ಏರುತ್ತಿತ್ತು. ಇನ್ನೇನು ತಂಪಿನ ಪಂಪ್ ಹಾಕುವ ಹೊತ್ತು. ಪಂಪಿನ ಒತ್ತಡ ಒಳಗಿನದಕ್ಕಿಂತ ಹೆಚ್ಚು. ಹಾಕಿದರೆ ನೀರು ಸೀದಾ ಒಳಕ್ಕೆ.

ಓಡಿದೆ. "ಅಫ್ತಾಬಭಾಯ್, ಕ್ಲೋರೈಡ್ ಫೀಡ್ ಬಂದ್ ಮಾಡ್ರಿ! ಜಾಕೆಟ್ ಖಾಲಿ ಮಾಡ್ರಿ!" ಅವರು ಯಾಕೆ ಎಂದು ಕೇಳಲಿಲ್ಲ. ನಾನು ಪಂಪಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ.

ವಾಕಿಟಾಕಿಯಲ್ಲಿ ಮನೀಶ್ ಸರ್. "ಟೆಂಪರೇಚರ್ ಚಢ್ ರಹಾ ಹೈ! ಪಂಪ್ ಚಾಲೂ ಕರೋ!"

"ನಹೀ ಸರ್. ಪಾನೀ ಅಂದರ್ ಜಾಯೇಗಾ."

"ಯೇ ಆರ್ಡರ್ ಹೈ, ರಂಜನಾ!"

ಒಂದು ಕ್ಷಣ ಅನಿಸಿತು — ನಾನೇ ತಪ್ಪಿದ್ದರೆ? ತಂಪಿಲ್ಲದೆ ಬ್ಯಾಚ್ ಕೈಮೀರಿದರೆ? ಸ್ವಿಚ್ ಬಿಡಲಿಲ್ಲ. ಅವ್ವನಿಗೆ ಫೋನ್ ಹಚ್ಚಿದೆ.

"ಅವ್ವಾ, ಬಾಜೂದವರನ್ನ ಕರಕೊಂಡು ಸ್ಟೇಷನ್ ಕಡೆ ನಡಿ. ಈಗಿಂದೀಗ."

"ಕುಕ್ಕರ್ ಇಟ್ಟೀನಿ, ಒಂದ್ ಸೀಟಿ ಆಗ್ಲಿ."

"ಗ್ಯಾಸ್ ಆರಿಸಿ ನಡಿ ಅವ್ವಾ!"

ಗ್ಯಾಸ್ ಆರಿಸಿದ ಸದ್ದು ಕೇಳಿಸಿತು. "ನೀ ಎಲ್ಲಿದ್ದಿ?"

"ಇಲ್ಲೇ... ಫ್ಯಾಕ್ಟರಿಯೊಳಗ."

"ಹಂಗಾರ ನಾನೂ ಇಲ್ಲೇ ಇರ್ತೀನಿ."

ಕೆಳಗೆ ಚೀರಿದ ಸದ್ದು. ಜಾಕೆಟ್ಟಿನಿಂದ ಹಾರಿದ ಆಸಿಡ್ಡಿನ ನೀರು ಅಫ್ತಾಬಭಾಯ್ ಅವರ ಬೂಟಿನೊಳಗೆ ಹೋಗಿತ್ತು. ವಾಲ್ವ್ ಪೂರ್ತಿ ತೆಗೆದ ಮೇಲೆಯೇ ಶವರಿನ ಕೆಳಗೆ ಹೋದರು.

ಬಿಸಿ ಇನ್ನೂ ಏರಿತು. ಏರಿತು. ನಿಂತಿತು. ಎಷ್ಟು ಹೊತ್ತು ನಿಂತಿತ್ತೋ ಗೊತ್ತಿಲ್ಲ. ಆಮೇಲೆ ತಾಪಮಾಪಕದ ಮುಳ್ಳು ಇಳಿಯಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು.

ಜುಲೈ 15

ರಿಯಾಕ್ಟರ್ ಖಾಲಿ ಮಾಡಿ, ತೊಳೆದು, ನೋಡಿದರು. ಪುಟ್ಟಿ ಉದುರಿದೆ. ಅದರಡಿ ಸೂಜಿ ತೂರುವಷ್ಟು ತೂತು. ಮನೀಶ್ ಸರ್ ತುಂಬ ಹೊತ್ತು ಬಗ್ಗಿ ನೋಡಿದರು. ಎದ್ದಾಗ ಮುಖ ಬಿಳಿಚಿತ್ತು. ಆದರೂ ಅಂದದ್ದು ಇಷ್ಟೇ: "ಪ್ಲಗ್ ಲಗಾಕೇ ಚಲಾ ಸಕತೇ ಹೈ ಕ್ಯಾ?"

ಬಿರಡೆ ಹಾಕಿ ಓಡಿಸಬಹುದಾ! ಗಾಜಿಗಷ್ಟೇ ಪೆಟ್ಟಾದಾಗ ಹಾಕುವುದು ಅದು, ಉಕ್ಕೇ ತೂತಾದಾಗ ಅಲ್ಲ. ಆಗಲ್ಲ ಅಂದೆ. ಚಾಲೂ ಮಾಡುವ ಕಾಗದಕ್ಕೆ ಸಹಿ ಹಾಕಲ್ಲ ಅಂದೆ.

ಜುಲೈ 17

ಆಸ್ಪತ್ರೆಗೆ ಹೋಗಿದ್ದೆ. ಅಫ್ತಾಬಭಾಯ್ ಕಾಲಿಗೆ ಪಟ್ಟಿ, ಪಾದದ ಚರ್ಮ ಹೋಗಿದೆ. ಹೆಂಡತಿ ನಜಮುನ್ನೀಸಾ ನನ್ನ ಕಡೆ ನೋಡಲಿಲ್ಲ. ಹೊರಡುವಾಗ ಮಾತ್ರ, "ಮತ್ತ ಅದರ ಹತ್ರಾನ ಕಳಸ್ತೀರೇನ್ರಿ ಇವ್ರನ್ನ?" ಅಂದಳು.

ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದೆ.

ಆಗಸ್ಟ್ 20

ಬರೆದೇ ಇರಲಿಲ್ಲ. ಮೂರನೆಯದನ್ನು ಶಿಫ್ಟಿನವರು ಯಾರೂ ಮುಟ್ಟಲಿಲ್ಲ. ಕೊನೆಗೆ ಹೆಡ್ ಆಫೀಸು ಒಪ್ಪಿತು. ಹಳೆಯದನ್ನು ಕ್ರೇನಿನಿಂದ ಇಳಿಸಿದರು, ಹೊಸ ರಿಯಾಕ್ಟರು ಬಂತು. ಗಾಜಿನ ಪ್ರತಿ ಇಂಚಿಗೂ ಸ್ಪಾರ್ಕ್ ಟೆಸ್ಟ್ ನಾನೇ ನಿಂತು ಮಾಡಿಸಿದೆ. ಎಲ್ಲೂ ಕಿಡಿ ಹಾರಲಿಲ್ಲ, ಅಂದರೆ ಎಲ್ಲೂ ಬಿರುಕಿಲ್ಲ. ಸಹಿ ಹಾಕಿದೆ.

ಆದರೂ ಕನಸಿನಲ್ಲಿ ಮುಳ್ಳು ಏರುತ್ತಲೇ ಇರುತ್ತದೆ.

ಆಗಸ್ಟ್ 24, ಬೆಳಿಗ್ಗೆ

ಇವತ್ತು ಮೊದಲ ಬ್ಯಾಚು. ಅಫ್ತಾಬಭಾಯ್ ವಾಪಸ್ ಬಂದಿದ್ದಾರೆ, ಸ್ವಲ್ಪ ಕುಂಟುತ್ತಾರೆ. ಮೆಟ್ಟಿಲಿನ ಹತ್ತಿರ ನಿಂತುಬಿಟ್ಟರು.

"ಮೇಡಂ, ಸುಳ್ಳ ಹೇಳೂದಿಲ್ರಿ. ಅಂಜಿಕಿ ಬರಾಕತ್ತೇತಿ."

"ನನಗೂ ರೀ."

"ಹಂಗಾರ ಇಬ್ಬರೂ ಕೂಡೇ ಹತ್ತೂಣು."

ಹೆಲ್ಮೆಟ್ ತರ್ತೀನಿ ಅಂತ ಹೇಳಿ ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಹೆಲ್ಮೆಟ್ ತಲೆಯ ಮೇಲೇ ಇದೆ. ಅವರಿಗೂ ಅದು ಗೊತ್ತು, ಆದರೂ ಕಾಯುತ್ತಿದ್ದಾರೆ. ಕೂಗುತ್ತಿದ್ದಾರೆ... ಬಂದೆ ಅಂದೆ. ಏಳುತ್ತಿದ್ದೇನೆ, ಇಬ್ಬರೂ ಕೂಡಿಯೇ ಹತ್ತುತ್ತೇವೆ.