ಕಿಟಕಿಯಂಚಿನ ಹರಳು

ಸೋಮವಾರ, 4 ಜೂನ್ 1973

'ಮುಚ್ಚಿದ ಮನೆಗೂ ಬೆಳಕು ದಾರಿ ಕೇಳಿ ಬರುವುದು...' ಎಂ.ಎ. ಓದುವಾಗಿನ ಸಾಲು. ಕೇಳಿ ಬರುವುದೋ, ಕೇಳದೆ ಬರುವುದೋ? ನೆನಪಿಲ್ಲ. ಬರುತ್ತದೆ ಎನ್ನುವುದೇ ಈಗ ಅನುಮಾನ. ಬೆಳಿಗ್ಗೆ ಎಂಟಕ್ಕೆ ತಂಗಿ ಶೀಲಾಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ. ಗ್ರಾಂಟ್ ರೋಡಿನ ಶಾಲೆ, ಟ್ಯೂಷನ್ ಮುಗಿಸಿ ಆಂಟಾಪ್ ಹಿಲ್‌ಗೆ ಬರುವಾಗ ಏಳು. ಅವ್ವ ಹೋದಮೇಲೆ ಮೂರು ವರ್ಷದಿಂದ ಇದೇ. ಅವಳಿಗೆ ಮೂವತ್ತೊಂಬತ್ತು, ಬುದ್ಧಿ ಐದು ವರ್ಷದ ಮಗುವಿನದು ಅಂತಾರೆ ಡಾಕ್ಟರು. ಹನ್ನೊಂದು ತಾಸು ಒಬ್ಬ ಮನುಷ್ಯರ ಮುಖ ಕಾಣುವುದಿಲ್ಲ ಅವಳಿಗೆ.

ಇವತ್ತೂ ಕಿಟಕಿಯಂಚಿನಲ್ಲಿ ಸಣ್ಣ ಹರಳು, ಸಾಲಾಗಿ. ಗೋಡೆ ಕೆರೆಯುತ್ತಾಳೋ ಏನೋ. ಊಟದ ತಾಟಿನ ತುಂಬ ಬಿಳಿ ಧೂಳು. ಬೈದೆ. ಎಲ್ಲ ಗುಡಿಸಿ ಹಾಕಿದೆ.

"ನಂದು," ಅಂದಳು. ಅಷ್ಟೇ.

ಗುರುವಾರ, 14 ಜೂನ್

ಬೊರಿವಲಿಯ ಆಶ್ರಮದಿಂದ ಕಾಗದ. ಒಂದು ಜಾಗ ಖಾಲಿ. ಅವಳಂಥವರೇ ಮೂವತ್ತು ಜನ; ಒಟ್ಟಿಗೆ ಊಟ, ಒಟ್ಟಿಗೆ ಭಜನೆ. ಜೊತೆ ಸಿಕ್ಕೀತು. ನನಗೂ ನಲವತ್ತೆಂಟು — ನನ್ನ ನಂತರ ಯಾರು? ಅವಳಿಗಾಗಿಯೇ... ಹೌದು, ಅವಳಿಗಾಗಿಯೇ.

ಭಾನುವಾರ, 17 ಜೂನ್

ಬಿಟ್ಟು ಬಂದೆ. ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಅವಳು ಬಲಗೈ ಮುಷ್ಟಿ ಬಿಚ್ಚಲಿಲ್ಲ. ಅಲ್ಲಿನ ಮೇಟ್ರನ್ ಬಿಡಿಸಿದರು — ಏಳು ಹರಳು. ಕಸದ ಬುಟ್ಟಿಗೆ. ಶೀಲಾ ಅಳಲಿಲ್ಲ. 'ನಂದು' ಎಂದೂ ಅನ್ನಲಿಲ್ಲ. ಬರಿಗೈ ಚಾಚಿಕೊಂಡೇ ನಿಂತಿದ್ದಳು.

ಮೂರು ತಿಂಗಳು ಭೇಟಿ ಇಲ್ಲ, ಹೊಂದಿಕೊಳ್ಳಬೇಕಂತೆ. ಸಹಿ ಮಾಡಿದೆ. ಕನ್ನಡ ಬಲ್ಲವರು ಅಲ್ಲಿ ಒಬ್ಬರೂ ಇಲ್ಲ.

ಶುಕ್ರವಾರ, 22 ಜೂನ್. ಸಂಜೆ

ಬಾಗಿಲು ಬಡಿದರು. ಪಕ್ಕದ ಮನೆಯ ಅಕ್ಬರಬಿ, ವಿಜಾಪುರದ ಕಡೆಯವಳು. ಮೂರು ವರ್ಷದಲ್ಲಿ ಮೆಟ್ಟಿಲ ಮೇಲೆ ಎದುರಾದಾಗ ನಕ್ಕಿದ್ದೆವು, ಅಷ್ಟೇ. ಕೈಯಲ್ಲಿ ರೇಶನ್ ಅಕ್ಕಿಯ ಚೀಲ. ಬೆನ್ನಿಗೆ ಅದರಾಚೆಯ ಮನೆಯ ಸುಂದ್ರವ್ವ, ಅವಳ ಕೈಯಲ್ಲೂ ಒಂದು.

"ಶೀಲವ್ವಗ ಆರಾಮಿಲ್ಲೇನ್ರಿ ಬಾಯಾರ?" ಅಕ್ಬರಬಿ ಕೇಳಿದಳು. "ಐದ್ ದಿನ ಆತು, ಖಿಡಕಿ ಬಂದ್. ನಾವು ಹೊರಗ ಗ್ಯಾಲರಿಯಾಗ, ಆಕಿ ಒಳಗ ಖಿಡಕಿಯಾಗ, ದಿನಾ ಮಧ್ಯಾಹ್ನ ಕೂತು... ಎಲ್ಲಾ ಮನಿ ಅಕ್ಕಿ ಆಕೀನ ಹಸನ ಮಾಡೋದು. ಒಂದ ಹರಳೂ ಬಿಡಂಗಿಲ್ಲ!"

"ನಿನ್ನೆ ಅನ್ನದಾಗ ಕಲ್ಲು ಕಡದು ನಮ್ಮನಿಯವ್ರು, 'ಶೀಲವ್ವ ರಜಾ ಹಾಕ್ಯಾಳೇನ?' ಅಂದ್ರು," ಸುಂದ್ರವ್ವ ನಕ್ಕಳು.

ಹೇಳಿದೆ. ಬೊರಿವಲಿ. ಆಶ್ರಮ. ಒಬ್ಬಳೇ ಇರುತ್ತಿದ್ದಳಲ್ಲ, ಅದಕ್ಕೆ.

ಅಕ್ಬರಬಿ ಚೀಲ ಎದೆಗೊತ್ತಿಕೊಂಡಳು.

"ಒಬ್ಬಾಕೀನ? ಯಾರಂದ್ರು ಬಾಯಾರ? ಚಾವಿ ಒಂದು ನನ್ನ ಕೈಯಾಗ ಕೊಟ್ಟಿದ್ರ..."